ತಂತಿ ಹೇಳಿದ ಸುಳ್ಳು

ದಾವಣಗೆರೆಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಬಾಲ್ಯದ ಜ್ವರದಲ್ಲಿ ಎಡಗಾಲಿನ ಶಕ್ತಿ ಉಡುಗಿಹೋಗಿತ್ತು. ಉದ್ಯೋಗದಲ್ಲಿದ್ದಷ್ಟು ಕಾಲವೂ ಅನ್ಯರ ಸ್ಕೂಟರಿನ ಹಿಂದೆ ಕುಳಿತು ಶಾಲೆಗೆ ಹೋಗಿಬಂದ ಅವರು, ನಿವೃತ್ತಿಯ ಹಣದಲ್ಲಿ ಹಳೆಯದೊಂದು ಕಾರನ್ನು ಕೊಂಡರು. ಕ್ಲಚ್ಚಿನ ಪೆಡಲಿಲ್ಲದ, ಮೂರು ಗೇರುಗಳನ್ನು ತಾನೇ ಬದಲಿಸಿಕೊಳ್ಳುವ ಕಾರು ಅದು, ಬಲಗಾಲೊಂದಿದ್ದರೆ ಸಾಕು. ಅಂದಿನಿಂದ ಅವರು ಯಾರನ್ನೂ ‘ಸ್ವಲ್ಪ ಬರುತ್ತೀರಾ’ ಎಂದು ಕೇಳಿದವರಲ್ಲ.

ಅಂತಹ ಕಾರು ಒಂದು ದಿನ ಹಟ ಹಿಡಿಯಿತು. ಎರಡನೆಯ ಗೇರಿನಲ್ಲಿಯೇ ನಿಂತು ಎಂಜಿನ್ನು ಅರಚುವುದು. ಬಹಳ ಹೊತ್ತಿನ ಮೇಲೆ ಬೆನ್ನಿಗೆ ಗುದ್ದಿದಂತೆ ಮೂರನೆಯದಕ್ಕೆ ಹಾರುವುದು. ನಗರದ ವರ್ಕ್‌ಷಾಪೊಂದರಲ್ಲಿ ಒಂದು ಸುತ್ತು ಓಡಿಸಿ ನೋಡಿ, ಗೇರ್‌ಬಾಕ್ಸನ್ನೇ ಬದಲಿಸಬೇಕೆಂದರು. ಹೇಳಿದ ಮೊತ್ತ ಕಾರಿನ ಬೆಲೆಗಿಂತ ಹೆಚ್ಚು. ಮಾರುವುದೊಂದೇ ದಾರಿಯೆಂದು ಮನೆಯವರು ತೀರ್ಮಾನಿಸಿದರು. ಮೇಷ್ಟ್ರು ಮರುಮಾತಾಡಲಿಲ್ಲ, ಮೂರು ರಾತ್ರಿ ನಿದ್ರಿಸಲೂ ಇಲ್ಲ.

ನಾಲ್ಕನೆಯ ದಿನ ಕಾರನ್ನು ಮೆಲ್ಲಗೆ ನಡೆಸಿಕೊಂಡು ಹರಿಹರಕ್ಕೆ ಹೋದರು. ತಾನೇ ಗೇರು ಬದಲಿಸುವ ಯಂತ್ರ ಅಮೆರಿಕದ ಓಲ್ಡ್ಸ್‌ಮೊಬೈಲಿನ 1940ರ ಮಾದರಿಯಲ್ಲಿ ಮಾರುಕಟ್ಟೆಗೆ ಬಂದರೆ, 1941ರಲ್ಲಿ ಹರಿಹರದಲ್ಲಿ ಲೇತುಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಆ ಕಾರ್ಖಾನೆ ಇಂದಿಲ್ಲ. ಅಲ್ಲಿ ಪಳಗಿದ ಕೈಗಳು ಮಾತ್ರ ಊರಿನ ಸಣ್ಣ ಷೆಡ್ಡುಗಳಲ್ಲಿ ಉಳಿದಿವೆ. ಅಂತಹ ಒಬ್ಬ ವೃದ್ಧರ ಮುಂದೆ ಕಾರು ನಿಂತಿತು.

ವೃದ್ಧರು ಮೊದಲು ಗೇರ್‌ಬಾಕ್ಸಿನ ತಂಟೆಗೇ ಹೋಗಲಿಲ್ಲ. ಎಂಜಿನ್ನನ್ನು ಬಿಸಿಮಾಡಿ, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು, ‘ಪಾರ್ಕ್’ನಲ್ಲಿ ನಿಲ್ಲಿಸಿ, ಎಂಜಿನ್ನು ತಿರುಗುತ್ತಿರುವಾಗಲೇ ಅಳತೆಯ ಕಡ್ಡಿಯನ್ನು ಎಳೆದರು. ಆ ಬಗೆಯ ಕಾರಿನಲ್ಲಿ ತಣ್ಣಗಿದ್ದಾಗ ಅಳೆದ ಎಣ್ಣೆಯ ಮಟ್ಟ ನಂಬಲರ್ಹವಲ್ಲವಷ್ಟೆ. ಬಿಳಿಯ ಬಟ್ಟೆಯ ಮೇಲೆ ಹನಿಯೊಂದನ್ನು ಒರೆಸಿದರು. ಹೊಸ ಎಣ್ಣೆಯ ಕೆಂಪು ಮಾಸಿತ್ತು, ಸುಟ್ಟ ವಾಸನೆಯಿರಲಿಲ್ಲ. ಕೆಳಗಿನ ತಟ್ಟೆಯನ್ನು ಬಿಚ್ಚಿದರು. ಅಯಸ್ಕಾಂತಕ್ಕೆ ಅಂಟಿದ್ದುದು ಗಂಧ ತೇಯ್ದಂತಹ ಬೂದುಬಣ್ಣದ ನುಣುಪು ಕೆಸರು ಮಾತ್ರ. ಹೊಳೆಯುವ ಲೋಹದ ಚೂರುಗಳಿದ್ದಲ್ಲಿ ಮಾತು ಬೇರೆಯಾಗುತ್ತಿತ್ತು.

“ಒಳಗೆ ಗಟ್ಟಿಯಾಗಿದೆ ಮೇಷ್ಟ್ರೇ. ಕಾರ್ಬ್ಯುರೇಟರಿನ ಹತ್ತಿರ ಯಾರಾದರೂ ಕೈಯಾಡಿಸಿದ್ದರೋ?”

“ಇಲ್ಲ” ಎಂದರು ಮೇಷ್ಟ್ರು.

ವೃದ್ಧರು ಬಾನೆಟ್ಟಿನೊಳಕ್ಕೆ ಬಗ್ಗಿ ಬೆರಳು ತೋರಿಸಿದರು. ಕಾಲು ಪೆಡಲನ್ನು ಎಷ್ಟು ಒತ್ತಿದೆಯೆಂಬ ಸುದ್ದಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಕೇಬಲ್ಲೊಂದು ಅಲ್ಲಿರುತ್ತದೆ. ಅದರ ತುದಿಯ ಪ್ಲಾಸ್ಟಿಕ್ ಬುಷ್ ಒಡೆದುಹೋಗಿ, ಅದರ ಜಾಗದಲ್ಲಿ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿತ್ತು. ಕೇಬಲ್ಲು ಸದಾ ಎಳೆದೇ ಇರುವುದರಿಂದ, ಚಾಲಕನು ಪೆಡಲನ್ನು ಬಲವಾಗಿ ಒತ್ತಿದ್ದಾನೆಂದೇ ಗೇರ್‌ಬಾಕ್ಸು ಬಗೆಯುತ್ತದೆ. ಏರು ಹತ್ತುವವನಂತೆ ಕೆಳಗೇರನ್ನು ಬಿಡಲೊಲ್ಲದು. ಪಾಪ, ಅದು ತನಗೆ ಬಂದ ಸುದ್ದಿಗೆ ತಕ್ಕಂತೆ ನಡೆಯುತ್ತಿತ್ತು.

ಮೇಷ್ಟ್ರ ಮುಖ ಕೆಂಪಾಯಿತು. ಹಿಂದಿನ ತಿಂಗಳ ಒಂದು ಸಂಜೆ, ಪಕ್ಕದ ಮನೆಯ ಹುಡುಗನನ್ನು ಕರೆಯಲು ಮನಸ್ಸೊಪ್ಪದೆ, ತಾವೇ ಕಟ್ಟಿದ ತಂತಿ ಅದು. ಆ ಮಾತನ್ನು ಅವರು ಅಲ್ಲಿಯೇ ಒಪ್ಪಿಕೊಂಡರು. ವೃದ್ಧರು ನಗಲಿಲ್ಲ. ಲೇತಿನ ಬಳಿಗೆ ಹೋಗಿ ಹಿತ್ತಾಳೆಯ ಕಡ್ಡಿಯೊಂದನ್ನು ಕಚ್ಚಿಸಿ, ಕಡಲೆಕಾಳಿನಷ್ಟು ದೊಡ್ಡ ಬುಷ್ಷನ್ನು ಕಡೆದು ತಂದರು. ಕೇಬಲ್ಲಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು ಬಿಗಿದರು. ಬಳಿಕ ತಟ್ಟೆಯನ್ನು ಮುಚ್ಚಿ, ಸೋರಿದಷ್ಟು ಹೊಸ ಎಣ್ಣೆಯನ್ನು ತುಂಬಿದರು.

ಇಬ್ಬರೂ ತುಂಗಭದ್ರೆಯ ಸೇತುವೆಯನ್ನು ದಾಟಿ ಕುಮಾರಪಟ್ಟಣದವರೆಗೆ ಹೋಗಿಬಂದರು. ಒಂದು, ಎರಡು, ಮೂರು: ಬದಲಾದುದು ಕಿವಿಗೆ ಮಾತ್ರ ತಿಳಿಯಿತು, ಬೆನ್ನಿಗಲ್ಲ. ವೃದ್ಧರು ಬುಷ್ಷಿನ ಕೂಲಿಯನ್ನೂ ಎಣ್ಣೆಯ ಬೆಲೆಯನ್ನೂ ಮಾತ್ರ ತೆಗೆದುಕೊಂಡು, ಉಳಿದ ಹಳೆಯ ಎಣ್ಣೆಯನ್ನು ಬದಲಿಸಲು ಮುಂದಿನ ತಿಂಗಳು ಬರಬೇಕೆಂದರು.

“ಒಬ್ಬರೇ ಬರಬೇಡಿ, ಆ ಹುಡುಗನನ್ನೂ ಕರೆತನ್ನಿ. ಅವನೂ ನೋಡಿ ಕಲಿಯಲಿ.”

ಮೇಷ್ಟ್ರು ಆಗಲೆಂದು, ತಾಮ್ರದ ತಂತಿಯನ್ನು ಜೇಬಿಗೆ ಹಾಕಿಕೊಂಡು ದಾವಣಗೆರೆಯ ಕಡೆಗೆ ಕಾರನ್ನು ತಿರುಗಿಸಿದರು.