ಮೂಕಿಯ ಭಾರ

2024ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿರುವ ಒಂದು ಕನ್ನಡಿಗರ ಮನೆಯಲ್ಲಿ ಬಚ್ಚಲುಮನೆಯ ತೂಕದ ಯಂತ್ರ ಹಜಾರಕ್ಕೆ ಬಂತು. ತಂದವಳು ಹನ್ನೊಂದನೆಯ ತರಗತಿ ಓದುವ ಮಗಳು. ಎಲ್ಲರೂ ಒಬ್ಬೊಬ್ಬರಾಗಿ ಹತ್ತಿ ನಿಲ್ಲಬೇಕೆಂದು ಅವಳ ಅಪ್ಪಣೆ. ಅಪ್ಪ ಹತ್ತಿದರು, 180 ಪೌಂಡ್. ತಮ್ಮ ಕುಣಿಯುತ್ತಲೇ ಹತ್ತಿದ, 95. ಅವಳದು 125. ಮದ್ದೂರಿನ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜಿ, "ಇದೇನೇ, ನನ್ನ ಸಂತೆಗೆ ಹೊಡ್ಕೊಂಡು ಹೋಗ್ತೀಯಾ?" ಎಂದು ನಗುತ್ತಾ ಗೋಡೆ ಹಿಡಿದು ಹತ್ತಿ 120 ತೂಗಿದರು. ಅಮ್ಮ ಮಾತ್ರ ಅಡುಗೆಮನೆಯಿಂದಲೇ, "ನನ್ನದು 140 ಅಂತ ಬರ್ಕೋ" ಎಂದು ಕೂಗಿದರು. ಮಗಳು ಬರೆದುಕೊಂಡಳು. ಯಾರೂ ಪ್ರಶ್ನಿಸಲಿಲ್ಲ. ಒಟ್ಟು 660 ಪೌಂಡ್, ಅಂದರೆ ಸುಮಾರು 300 ಕಿಲೋ.

ಇಷ್ಟೆಲ್ಲ ನಡೆದದ್ದು ಒಂದು ಪಿಕಪ್ ಟ್ರಕ್ಕಿಗಾಗಿ.

ಆ ಮನೆಯವರಿಗೆ ಟ್ರಾವೆಲ್ ಟ್ರೈಲರಿನ ಹುಚ್ಚು ಹಿಡಿದು ನಾಲ್ಕೈದು ವರ್ಷಗಳಾಗಿದ್ದವು. ನಮ್ಮಲ್ಲಿ ಅಷ್ಟಾಗಿ ಕಾಣದ ವಸ್ತು ಅದು. ಚಕ್ರಗಳ ಮೇಲೆ ಕೂರಿಸಿದ ಪುಟ್ಟ ಮನೆ. ಒಳಗೆ ಮಂಚ, ಒಲೆ, ಬಚ್ಚಲು, ನೀರಿನ ತೊಟ್ಟಿ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ವಾಹನದ ಹಿಂದಿನ ಹಿಚ್‌ಗೆ, ಅಂದರೆ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ ಇವನ್ನು ತಯಾರಿಸುವ ಕಾರ್ಖಾನೆಗಳ ಸಾಲೇ ಇದೆ. ನಿವೃತ್ತ ದಂಪತಿಗಳಿಂದ ಹಿಡಿದು ಮಕ್ಕಳೊಂದಿಗರವರೆಗೆ ಲಕ್ಷಾಂತರ ಅಮೆರಿಕನ್ನರು ಬೇಸಿಗೆ ಬಂತೆಂದರೆ ಇದನ್ನು ಸಿಕ್ಕಿಸಿಕೊಂಡು ಹೊರಟುಬಿಡುತ್ತಾರೆ. ಹೋಟೆಲಿನ ಊಟ ಒಗ್ಗದ ಕನ್ನಡಿಗರಿಗಂತೂ ಅನ್ನ ಸಾರು ಮಾಡಿಕೊಳ್ಳುವ ಒಲೆ ಜೊತೆಗೇ ಬರುವುದೆಂದರೆ ಇನ್ನೇನು ಬೇಕು?

ಇವರ ಹಳೆಯ ಟ್ರೈಲರ್ 19 ಅಡಿಯದು. ಎಳೆಯುತ್ತಿದ್ದುದು ಮನೆಯ ಮಧ್ಯಮ ಗಾತ್ರದ ಎಸ್‌ಯುವಿ. 2023ರ ಜುಲೈನಲ್ಲಿ ಪಕ್ಕದ ವಯೋಮಿಂಗ್ ರಾಜ್ಯದಲ್ಲಿ, ಅಂತರರಾಜ್ಯ ಹೆದ್ದಾರಿ 80ರಲ್ಲಿ, ಅದು ಅವರನ್ನು ಕೊಲ್ಲುವುದೊಂದು ಬಾಕಿ. ಲ್ಯಾರಮಿಯಿಂದ ರಾಲಿನ್ಸ್‌ಗೆ ಹೋಗುವಾಗ ಎಲ್ಕ್ ಮೌಂಟನ್ ಎಂಬ ಬೆಟ್ಟದ ಬುಡದಲ್ಲಿ ಸಾಗುವ ಆ ರಸ್ತೆ ಗಾಳಿಗೆ ಹೆಸರಾದದ್ದು. ಗಾಳಿ ಜೋರಾದ ದಿನ ಹಗುರವಾದ ಎತ್ತರದ ವಾಹನಗಳಿಗೆ ಪ್ರವೇಶವನ್ನೇ ನಿಲ್ಲಿಸುತ್ತಾರೆ. ಅಂದು ಪಕ್ಕದಲ್ಲಿ ಒಂದು ಭಾರಿ ಲಾರಿ ದಾಟಿಹೋದದ್ದೇ ತಡ, ಹಿಂದಿನ ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಯ್ಯತೊಡಗಿತು. ಮೀನಿನ ಬಾಲದ ಹಾಗೆ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ಅಪ್ಪ ಗಾಬರಿಯಲ್ಲಿ ಬ್ರೇಕ್ ಒತ್ತಿದರು, ಅದು ಇನ್ನೂ ತುಯ್ದಿತು. ಇಂಥ ಹೊತ್ತಿನಲ್ಲಿ ಮುಂದಿನ ವಾಹನದ ಬ್ರೇಕ್ ಒತ್ತದೆ, ಸ್ಟೀರಿಂಗನ್ನು ನೇರ ಹಿಡಿದು, ಟ್ರೈಲರಿನ ವಿದ್ಯುತ್ ಬ್ರೇಕನ್ನಷ್ಟೇ ಕೈಯಿಂದ ಒತ್ತಿ ಅದನ್ನು ಹಿಂದಕ್ಕೆ ಜಗ್ಗಬೇಕು. ಅದು ಅವರಿಗೆ ತಿಳಿದದ್ದು ಆಮೇಲೆ. ಹೇಗೋ ವೇಗ ಇಳಿಯಿತು, ಗಾಡಿ ರಸ್ತೆಯ ಅಂಚಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಮ್ಮ ಆಮೇಲೆ ಆ ಟ್ರೈಲರ್ ಹತ್ತಲಿಲ್ಲ. "ನೀವು ಹೋಗಿ ಬನ್ರೀ, ನಾನು ಮನೇಲಿರ್ತೀನಿ" ಎಂದರು, ಅಷ್ಟೆ. ಜಗಳ ಇಲ್ಲ, ದೂರು ಇಲ್ಲ. ಜಗಳವಾಡಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು.

ತಪ್ಪೆಲ್ಲ ಗಾಳಿಯದು ಮತ್ತು ಪುಟ್ಟ ವಾಹನದ್ದು ಎಂದು ಅಪ್ಪ ತೀರ್ಮಾನಿಸಿಬಿಟ್ಟರು. ಮುಂದಿನ ವರ್ಷ ಮಗಳು ಕಾಲೇಜಿಗೆ ಹೊರಟುಬಿಡುತ್ತಾಳೆ, ಅಜ್ಜಿಯೂ ಬಂದಿದ್ದಾರೆ, ಐವರೂ ಸೇರಿ ಯೆಲ್ಲೊಸ್ಟೋನಿಗೆ ಹೋಗಿಬರಲು ಇದೊಂದೇ ಬೇಸಿಗೆ. ಅಜ್ಜಿಗೆ ಮೆಟ್ಟಿಲಿಲ್ಲದ ಮಂಚ, ನೆಟ್ಟಗೆ ನಿಲ್ಲುವಂಥ ಬಚ್ಚಲು ಬೇಕು. ಆದ್ದರಿಂದ 30 ಅಡಿಯ ಟ್ರೈಲರ್, ಅದನ್ನು ಎಳೆಯಲು ದೊಡ್ಡ ಟ್ರಕ್. ಹಿಂದಿನ ದಿನ, ಶನಿವಾರ, ಅಂಗಡಿಗೆ ಹೋದರು.

ಅಮೆರಿಕದಲ್ಲಿ ಈ ಟ್ರಕ್ಕುಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ವಿಂಗಡಿಸುವುದು ರೂಢಿ. ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ 1500, ರ‍್ಯಾಮ್ 1500 ಇವೆಲ್ಲ ಅರ್ಧ ಟನ್ನಿನವು. ಎಫ್-250, 2500 ಎಂದರೆ ಮುಕ್ಕಾಲು. 350, 3500 ಎಂದರೆ ಒಂದು. ಹಿಂದೊಂದು ಕಾಲದಲ್ಲಿ ಅವು ಬೆನ್ನ ಮೇಲೆ ಹೊರುತ್ತಿದ್ದ ಭಾರದಿಂದ ಬಂದ ಹೆಸರುಗಳಿವು. ಇಂದಿನವು ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತವೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಅಂಗಡಿಯವನು ತೋರಿಸಿದ್ದು ಥಳಥಳಿಸುವ ಅರ್ಧ ಟನ್ ಟ್ರಕ್. ಎಳೆಯುವ ಶಕ್ತಿ 11,000 ಪೌಂಡ್ ಎಂದು ಜಾಹೀರಾತಿನಲ್ಲಿ ದಪ್ಪಕ್ಷರ. ಸುಮಾರು 5 ಟನ್. ಇವರು ನೋಡಿದ್ದ ಟ್ರೈಲರ್ ಪೂರ್ತಿ ತುಂಬಿದರೂ 8,800 ಪೌಂಡ್. "ಇದ್ದದ್ದೇ ಗೊತ್ತಾಗೊಲ್ಲ, ಹಾಗೆ ಎಳೀತದೆ" ಎಂದ ಅವನ ಮಾತಿಗೆ ಅಪ್ಪ ತಲೆದೂಗಿದರು. ಅವರು ಕಾಗದಕ್ಕೆ ಸಹಿ ಹಾಕುತ್ತಿದ್ದಾಗ ಮಗಳು ಚಾಲಕನ ಬಾಗಿಲು ತೆರೆದು ಕೂತಿದ್ದಳು. ಬಾಗಿಲ ಚೌಕಟ್ಟಿನಲ್ಲಿ ಅಂಗೈಯಗಲದ ಹಳದಿ-ಬಿಳಿ ಚೀಟಿ ಅಂಟಿತ್ತು. ಟೈರಿನ ಗಾಳಿಯ ಒತ್ತಡದ ಲೆಕ್ಕದ ಜೊತೆಗೆ ಒಂದು ಸಾಲು: ಕೂತವರು ಮತ್ತು ಸಾಮಾನು ಸೇರಿ 1,480 ಪೌಂಡ್ ಎಂದೂ ಮೀರಕೂಡದು. ಎಂದರೆ ಸುಮಾರು 670 ಕಿಲೋ. ಅವಳು ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು.

ಎಳೆಯುವುದು ಬೇರೆ, ಹೊರುವುದು ಬೇರೆ. ಟ್ರೈಲರಿನ ಭಾರವೆಲ್ಲ ಅದರ ಚಕ್ರಗಳ ಮೇಲೇ ಇರುವುದಿಲ್ಲ. ಅದರ ಮೂತಿ ಕೊಂಡಿಯ ಮೇಲೆ ಕೂತಿರುತ್ತದಲ್ಲ, ಅಷ್ಟು ಭಾರ ಟ್ರಕ್ಕಿನ ಬೆನ್ನಿಗೆ. ಇದು ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15 ಇರಬೇಕು. ಕಡಿಮೆಯಾದರೆ ಟ್ರೈಲರ್ ತುಯ್ಯುತ್ತದೆ; ತೀರಾ ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು, ಮುಂಚಕ್ರಗಳು ಹಗುರವಾಗಿ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಶಾಲೆಯಲ್ಲಿ ಸನ್ನೆಕೋಲಿನ ಪಾಠ ಓದಿದವರಿಗೆ ಇದು ಹೊಸದೇನಲ್ಲ. ಟ್ರಕ್ಕಿನ ಹಿಂದಿನ ಅಚ್ಚೇ ಆಧಾರ ಬಿಂದು. ಅದರಾಚೆ ಹಿಂದೆ ಹೇರಿದ ಭಾರ ಮುಂದಿನದನ್ನು ಎತ್ತುತ್ತದೆ.

ಭಾನುವಾರ ತೂಕ ಮುಗಿದ ಮೇಲೆ ಮಗಳು ಊಟದ ಮೇಜಿನ ಮೇಲೆ ಲೆಕ್ಕ ಹಾಕಿದಳು. 8,800ಕ್ಕೆ ಶೇಕಡಾ 13 ಹಿಡಿದರೆ ಕೊಂಡಿಯ ಮೇಲಿನ ಭಾರ 1,144. ಐದು ಜನ 660. ಕೊಂಡಿಯ ಕಬ್ಬಿಣವೇ 90. ಒಟ್ಟು 1,894. ಚೀಟಿ ಹೇಳಿದ್ದಕ್ಕಿಂತ 414 ಪೌಂಡ್ ಹೆಚ್ಚು, ಒಂದು ಸೌದೆ ತುಂಡನ್ನೂ ಹಾಕುವ ಮೊದಲೇ.

"ಅಪ್ಪಾ, ಆ ಟ್ರಕ್ಕು ಎಳೆಯುತ್ತೆ. ಹೊರೋದಿಲ್ಲ."

"ಮತ್ತೆ 11,000 ಅಂತ ಹಾಕಿದಾರಲ್ಲ?"

ಅದೂ ಸುಳ್ಳಲ್ಲ. ಎಳೆಯುವ ಶಕ್ತಿಯನ್ನು ಅಳೆಯಲು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಜೆ2807 ಎಂಬ ನಿಯಮಾವಳಿ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 11 ಮೈಲಿ ಉದ್ದದ ಏರನ್ನು ಉರಿಬಿಸಿಲಿನಲ್ಲಿ, ಏರ್ ಕಂಡೀಷನರ್ ಹಾಕಿಕೊಂಡೇ, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಕಠಿಣ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂತಿರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಅಜ್ಜಿ ಇಲ್ಲ, ಮಕ್ಕಳಿಲ್ಲ, ಅಕ್ಕಿ ಚೀಲವಿಲ್ಲ. ದೊಡ್ಡ ಸಂಖ್ಯೆಯನ್ನು ಗೋಡೆಗೆ ಬರೆಯುತ್ತಾರೆ, ಚಿಕ್ಕದನ್ನು ಬಾಗಿಲ ಸಂದಿಗೆ ಅಂಟಿಸುತ್ತಾರೆ. ಮುಂಗಡ ಕೊಡುವ ಮೊದಲು ಬಾಗಿಲು ತೆರೆದು ನೋಡುವವರು ಎಷ್ಟು ಮಂದಿ?

ಅಂಗಡಿಯವನಿಗೆ ಫೋನು ಮಾಡಿದರೆ, ಭಾರ ಹಂಚುವ ಹಿಚ್ ಹಾಕಿಕೊಂಡರಾಯಿತು ಎಂದ. ಅದು ಒಳ್ಳೆಯ ಉಪಕರಣವೇ. ಬಿಗಿಯಾದ ಸಲಾಕೆಗಳಿಂದ ಭಾರದ ಒಂದಂಶವನ್ನು ಟ್ರಕ್ಕಿನ ಮುಂಚಕ್ರಗಳಿಗೂ ಟ್ರೈಲರಿನ ಚಕ್ರಗಳಿಗೂ ದಾಟಿಸುತ್ತದೆ. ಹಂಚುತ್ತದೆಯೇ ಹೊರತು ಮಾಯ ಮಾಡುವುದಿಲ್ಲ.

ಆಮೇಲೆ ಮೂರು ವಾರ ಆ ಮನೆಯಲ್ಲಿ ಬೇರೆ ಮಾತಿಲ್ಲ. ಹೊಸ ಮುಕ್ಕಾಲು ಟನ್ ಡೀಸೆಲ್ ಟ್ರಕ್ ಬೇಕೆಂದು ಅಪ್ಪನ ಆಸೆ. ಕೊಲರಾಡೊದಂಥ ಬೆಟ್ಟದ ಸೀಮೆಯಲ್ಲಿ ಅದಕ್ಕೆ ಕಾರಣವೂ ಇದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರಿನ ಪಶ್ಚಿಮಕ್ಕಿರುವ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರ. ಅಲ್ಲಿಗೆ ತಲುಪುವಾಗ ಮೂರರಲ್ಲೊಂದು ಪಾಲು ಶಕ್ತಿ ಹೋಗಿರುತ್ತದೆ. ಟರ್ಬೊ ಇರುವ ಡೀಸೆಲಿಗೆ ಆ ತೊಂದರೆ ಕಡಿಮೆ, ಇಳಿಜಾರಿನಲ್ಲಿ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಆದರೆ ಡೀಸೆಲ್ ಎಂಜಿನ್ನಿನ ತೂಕವೇ ಹೆಚ್ಚು. ಅಷ್ಟರಮಟ್ಟಿಗೆ ಹೊರುವ ಭಾರ ಕಡಿಮೆಯಾಗುತ್ತದೆ. ಬೆಲೆಯಂತೂ ಕೇಳುವ ಹಾಗಿಲ್ಲ. ಅಮ್ಮ ಆಗ ಬಾಯಿ ಬಿಟ್ಟರು: "ಇವಳ ಕಾಲೇಜಿಗೆ ಅಂತ ಎತ್ತಿಟ್ಟಿದ್ದಕ್ಕೆ ಕೈ ಹಾಕ್ಬೇಡಿ. ಇಷ್ಟೇ ನಾನು ಹೇಳೋದು."

ಕೊನೆಗೆ ಕೊಂಡದ್ದು ಮೂರು ವರ್ಷ ಹಳೆಯ, ಪೆಟ್ರೋಲಿನ ಮುಕ್ಕಾಲು ಟನ್ ಟ್ರಕ್. ಬಾಗಿಲ ಚೀಟಿಯಲ್ಲಿ 2,960 ಪೌಂಡ್. ಟ್ರೈಲರನ್ನೂ 30 ಅಡಿಯಿಂದ 26ಕ್ಕೆ ಇಳಿಸಿದರು, ತುಂಬಿದ ತೂಕ 7,600 ಮೀರದಂಥದು. ಏರಿನಲ್ಲಿ ಬಲಗಡೆಯ ಲೇನಿನಲ್ಲಿ ನಿಧಾನವಾಗಿ ಹತ್ತಿದರಾಯಿತು, ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ ಎಂದು ಮಗಳ ವಾದ. ಖಾಲಿ ಓಡಿಸಿದರೆ ಆ ಟ್ರಕ್ ಎತ್ತಿನ ಗಾಡಿಯಂತೆ ಕುಲುಕುತ್ತದೆ, ಮನೆಯ ಗ್ಯಾರೇಜಿನೊಳಗೆ ಹಿಡಿಸುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಈ ಮೂರು ದೂರುಗಳು ಇಂದಿಗೂ ಆ ಮನೆಯಲ್ಲಿವೆ.

ಜೂನ್ ತಿಂಗಳಲ್ಲಿ ಹೊರಡುವ ಮುನ್ನಾದಿನ ಎಲ್ಲವನ್ನೂ ತುಂಬಿಕೊಂಡು ಹೆದ್ದಾರಿಯ ಲಾರಿ ತಂಗುದಾಣದ ತೂಕದ ಸೇತುವೆಗೆ ಹೋದರು. ಅಮ್ಮನೂ ಬಂದರು, ನೋಡಲು. ಮೊದಲು ಟ್ರಕ್ಕೊಂದನ್ನೇ, ಬಳಿಕ ಟ್ರೈಲರ್ ಸಿಕ್ಕಿಸಿ ತೂಗಿದರೆ ಕೊಂಡಿಯ ಭಾರ ತಿಳಿಯುತ್ತದೆ. ಟ್ರೈಲರ್ 7,200 ಪೌಂಡ್, ಕೊಂಡಿಯ ಮೇಲೆ ಬರೀ 640. ಶೇಕಡಾ 9ಕ್ಕಿಂತ ಕಡಿಮೆ. ಮಗಳು ಎರಡು ಸಲ ಭಾಗಿಸಿದಳು. ಇಷ್ಟೆಲ್ಲ ಲೆಕ್ಕ ಹಾಕಿ ತಂದ ಟ್ರಕ್ಕಿನ ಹಿಂದೆ ಅದೇ ಹಳೆಯ ರೋಗ.

ಅಜ್ಜಿ ಅಷ್ಟರಲ್ಲಿ ಕೆಳಗಿಳಿದು ಸುತ್ತ ಒಂದು ಪ್ರದಕ್ಷಿಣೆ ಬಂದಿದ್ದರು. ಟ್ರೈಲರಿನ ಹಿಂಬದಿಯ ಕಂಬಿಗೆ ನಾಲ್ಕು ಸೈಕಲ್ ಬಿಗಿದಿತ್ತು. ಹಿಂದಿನ ಗೂಡಿನಲ್ಲಿ ಸೌದೆ, ನೀರಿನ ಕ್ಯಾನು. ಪ್ರತಿ ವರ್ಷ ಹಾಕುತ್ತಿದ್ದ ಜಾಗದಲ್ಲೇ, ಕೈ ರೂಢಿಯಿಂದ ಹಾಕಿದ್ದು.

"ಏನೋ ಇದು, ಹಿಂಭಾರ ಮಾಡಿದೀಯಲ್ಲೋ. ಮೂಕಿ ಎದ್ದೋಗದೇನೋ?"

ಅಪ್ಪ ಹಾಗೇ ನಿಂತರು. ಹುಡುಗನಾಗಿದ್ದಾಗ ಕಬ್ಬಿನ ಗಾಡಿ ತುಂಬುತ್ತಿದ್ದವರು ಅವರು. ಹಿಂದಕ್ಕೆ ಹೆಚ್ಚು ಹಾಕಿದರೆ ಮೂಕಿ ಮೇಲೆದ್ದು, ನೊಗ ಎತ್ತುಗಳ ಹೆಗಲು ಬಿಟ್ಟು, ಕೊರಳ ಹಗ್ಗ ಬಿಗಿಯುತ್ತದೆ. "ಮುಂದಕ್ಕೆ ಹಾಕೋ" ಎಂದು ಗದ್ದೆಯ ಬದುವಿನಿಂದ ಕೂಗುತ್ತಿದ್ದವರು ಇದೇ ಅಜ್ಜಿ.

ಸೈಕಲ್ಲುಗಳು ಟ್ರಕ್ಕಿನ ಬೆನ್ನಿಗೆ ಬಂದವು, ಸೌದೆ ಮತ್ತು ನೀರು ಟ್ರೈಲರಿನ ಮುಂದಿನ ಗೂಡಿಗೆ. ಮರುತೂಕಕ್ಕೆ ಹಣ ಕಡಿಮೆ, ಮತ್ತೆ ತೂಗಿಸಿದರು. ಕೊಂಡಿಯ ಮೇಲೆ 842, ಶೇಕಡಾ 12ರ ಹತ್ತಿರ. ತೂಕದ ಚೀಟಿಯನ್ನು ಅಪ್ಪ ಅಮ್ಮನ ಕೈಗೆ ಕೊಟ್ಟರು.

"ಹೋದ ವರ್ಷ ಬರೀ ಗಾಳಿ ಅಲ್ಲ ಕಣೇ. ನಾನು ತುಂಬಿದ್ದೇ ಹಾಗೆ. ಇದೇ ಸೈಕಲ್ಲು, ಇದೇ ಜಾಗ."

ಅಮ್ಮ ಚೀಟಿಯನ್ನು ಓದಿ, ಮಡಚಿ, ಕೈಚೀಲದೊಳಗಿಟ್ಟುಕೊಂಡರು. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ, ಗಾಳಿ ಏಳುವ ಮೊದಲೇ ದಾಟಬೇಕೆಂದು ನಾಲ್ಕಕ್ಕೇ ಹೊರಟರು. ಮುಂದಿನ ಸೀಟಿನಲ್ಲಿ ಅಮ್ಮ. ಲ್ಯಾರಮಿ ದಾಟಿ ಎಲ್ಕ್ ಮೌಂಟನ್ ಕಾಣಿಸಿದಾಗ ಅವರ ಬಲಗೈ ಬಾಗಿಲ ಮೇಲಿನ ಹಿಡಿಯನ್ನು ಹಿಡಿದಿತ್ತು. ಒಂದು ಲಾರಿ ದಾಟಿತು. ಟ್ರಕ್ ಅಷ್ಟು ಅಲುಗಿ ಸುಮ್ಮನಾಯಿತು. ಇನ್ನೊಂದು ದಾಟಿತು. ಅಪ್ಪ ವೇಗವನ್ನು ಗಂಟೆಗೆ 60 ಮೈಲಿಗಿಂತ ಮೇಲೇರಿಸಲೇ ಇಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ, ಇಷ್ಟು ಬಯಲಿದ್ದರೂ ಒಂದು ಮರ ನೆಟ್ಟಿಲ್ಲವಲ್ಲ ಎಂದು ವಯೋಮಿಂಗಿನವರನ್ನು ಬೈಯುತ್ತಿದ್ದರು. ರಾಲಿನ್ಸ್ ಇನ್ನು ಅರ್ಧ ಗಂಟೆ ಇರುವಾಗ ಅಮ್ಮ ಹಿಡಿ ಬಿಟ್ಟು, ಕಾಲ ಬಳಿಯಿದ್ದ ಚಿತ್ರಾನ್ನದ ಡಬ್ಬಿ ತೆಗೆದು, "ಯಾರಿಗೆ ಹಸಿವು?" ಎಂದರು.