ಬೂಟು ತೊಳೆದು ಹೊರಡುವುದು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕೆಳತುದಿಯಲ್ಲಿ ಮಟೌರಾ ಎಂಬ ಹೊಳೆ ಹರಿಯುತ್ತದೆ. ಅದರ ದಡದ ಗೋರ್ ಎಂಬ ಊರಿನವರು ತಮ್ಮೂರನ್ನು ಬ್ರೌನ್ ಟ್ರೌಟ್ ಮೀನಿನ ರಾಜಧಾನಿ ಎಂದು ಕರೆದುಕೊಂಡು, ಊರೊಳಗೆ ದೊಡ್ಡದೊಂದು ಟ್ರೌಟ್ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಬರುವ ಫೆಬ್ರವರಿಯಲ್ಲಿ ನಾನು ಆ ಹೊಳೆಗೆ ಇಳಿಯಬೇಕು. ಅಲ್ಲಿ ಆಗ ಬೇಸಿಗೆಯ ಕೊನೆ. ಟಿಕೆಟ್ ಆದ ದಿನದಿಂದ ಮೈಸೂರಿನ ನಮ್ಮ ಮನೆಯ ಒಂದು ಕೋಣೆ ಈ ಪ್ರಯಾಣಕ್ಕೇ ಮೀಸಲಾಗಿಬಿಟ್ಟಿದೆ.

ಫ್ಲೈ ಫಿಶಿಂಗ್ ಅನ್ನುವುದು ನಾವು ಕಂಡ ಗಾಳದ ಕಸುಬಿಗಿಂತ ಬುಡದಲ್ಲೇ ಬೇರೆ. ಕಾವೇರಿಯಲ್ಲಿ ನಾನು ಕಲಿತದ್ದು ರಾಗಿ ಹಿಟ್ಟನ್ನು ಬೇಯಿಸಿ, ನಾದಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿ ಎಸೆಯುವುದನ್ನು. ಅಲ್ಲಿ ಉಂಡೆಗೆ ಭಾರವಿದೆ. ಅದು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಗಾಳದ ಮುಳ್ಳಿಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳದ ರೂಪ ಅದು. ಊದಿದರೆ ಹಾರಿಹೋಗುತ್ತದೆ. ಹಾಗಾಗಿ ಭಾರವನ್ನು ದಾರದಲ್ಲೇ ಇಟ್ಟಿರುತ್ತಾರೆ. ಎಸೆಯುವುದು ದಾರವನ್ನು, ಹುಳ ಅದರ ತುದಿಗೆ ಜೋತುಕೊಂಡು ಹೋಗುತ್ತದೆ. ಕೋಲನ್ನು ಹಿಂದಕ್ಕೆ ಎತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ತರಬೇಕು. ಆ ತಡೆಯುವ ಗಳಿಗೆಯಲ್ಲೇ ವಿದ್ಯೆಯೆಲ್ಲ ಇದೆ. ಅವಸರಪಟ್ಟರೆ ದಾರ ಚಾಟಿಯ ಸದ್ದು ಮಾಡುತ್ತದೆ, ತುದಿಯ ಹುಳ ಕಿತ್ತುಹೋಗುತ್ತದೆ. ವಾಕಿಂಗಿನವರು ಬರುವ ಮುಂಚೆ ಬಡಾವಣೆಯ ಮೈದಾನದಲ್ಲಿ ನಿಂತು, ಮುಳ್ಳಿನ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿಕೊಂಡು ಇದನ್ನೇ ಮಾಡುತ್ತಿದ್ದೇನೆ. ಹುಲ್ಲಿನ ಮೇಲೆ ಒಂದು ತಟ್ಟೆ ಇಟ್ಟಿರುತ್ತೇನೆ. ಉಣ್ಣೆ ತಟ್ಟೆಯೊಳಗೆ ಸದ್ದಿಲ್ಲದೆ ಕೂತ ದಿನ ಊಟ ರುಚಿಸುತ್ತದೆ.

ಭೀಮೇಶ್ವರಿಯ ಕಡೆ ಮೀನು ಹಿಡಿದು ಬಿಡುವ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ನನ್ನನ್ನು ತೆಪ್ಪದಲ್ಲಿ ಕರೆದೊಯ್ಯುತ್ತಿದ್ದ ಹಿರಿಯರೊಬ್ಬರಿಗೆ ಈ ಸುದ್ದಿ ಹೇಳಿದೆ. ಅವರು ಒಂದು ಫ್ಲೈಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.

“ರಾಗಿ ಹಾಕಿದ್ರೆ ಕಚ್ಚಾಕಿಲ್ವಾ ಸಾ ಅಲ್ಲಿ?”

“ಇಲ್ಲ ಅಣ್ಣಾ, ಆ ಮೀನು ನೀರ ಮೇಲೆ ಬರೋ ಹುಳ ತಿನ್ನುತ್ತೆ.”

“ಹಂಗಾದ್ರೆ ಮೊದ್ಲು ಹುಳ ನೋಡಿ. ಆಮೇಕೆ ಮೀನು.”

ಈ ಕಸುಬಿನ ಬಗ್ಗೆ ಬಂದಿರುವ ದಪ್ಪ ದಪ್ಪ ಪುಸ್ತಕಗಳೂ ಹೇಳುವುದು ಇಷ್ಟನ್ನೇ. ಮಟೌರಾದ ಖ್ಯಾತಿಯೂ ಅಲ್ಲಿನ ಮೇಫ್ಲೈ ಹುಳಗಳಿಂದ ಬಂದದ್ದು. ಕಲ್ಲಿನಡಿಯಲ್ಲಿ ಮರಿಯಾಗಿ ಬೆಳೆದು, ರೆಕ್ಕೆ ಬಿಚ್ಚಿ ಮೇಲೆದ್ದು, ದಿನವೊಂದೆರಡರಲ್ಲಿ ಬದುಕು ಮುಗಿಸುವ ಜೀವ ಅದು. ಬೇಸಿಗೆಯಲ್ಲಿ ಅಲ್ಲಿನ ಮರಗಳಿಂದ ನೀರಿಗೆ ಬೀಳುವ ಜೀರುಂಡೆಗಳೂ ಟ್ರೌಟ್‌ಗೆ ಹಬ್ಬದೂಟ. ರಾತ್ರಿ ಊಟವಾದ ಮೇಲೆ ಮುಳ್ಳನ್ನು ಹಿಡಿಕೆಗೆ ಸಿಕ್ಕಿಸಿ ಕಂದು ನೂಲು ಸುತ್ತುತ್ತಾ ಕೂರುತ್ತೇನೆ.

ಗರಿಗಳ ಮಾತು ಬಂದಾಗ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯನ್ನು ನೆನೆಯದೆ ಇರಲಾರೆ. ಬೂದು ಬಣ್ಣದ ಆ ಹುಂಜದ ಕತ್ತಿನ ಗರಿಗಳಲ್ಲಿ ಅರಗಿನಂಥ ಹೊಳಪಿನ ಹಳದಿ-ಬಿಳಿ ಚುಕ್ಕೆಗಳಿರುತ್ತವೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷರು ಸಾಲ್ಮನ್ ಮೀನಿಗೆ ಕಟ್ಟುತ್ತಿದ್ದ ಫ್ಲೈಗಳಿಗೆ ಇವನ್ನೇ ಕಣ್ಣಾಗಿ ಅಂಟಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಈಗ ಆ ಹಕ್ಕಿಗಿದೆ. ಹೊರದೇಶದವರು ಸಾಕಿದ ಹಕ್ಕಿಗಳ ಗರಿಗೆ ದುಬಾರಿ ಬೆಲೆ ತೆರುತ್ತಾರೆ. ಕೊಡಗಿನ ತೋಟದಂಚಿನಲ್ಲಿ ಆ ಹುಂಜ ಕೂಗುವುದನ್ನು ಕೇಳಿದ ನನಗೆ ಆ ಗರಿ ಹಕ್ಕಿಯ ಕತ್ತಿನಲ್ಲೇ ಇರಲಿ ಅನ್ನಿಸುತ್ತದೆ. ನನ್ನ ಫ್ಲೈಗಳಿಗೆ ನಾಟಿ ಕೋಳಿಯ ಗರಿಯೇ ಸಾಕು.

ಲೈಸೆನ್ಸಿನ ಕೆಲಸ ಬೇಗ ಮುಗಿಯಿತು. ಅಲ್ಲಿ ಫಿಶ್ ಅಂಡ್ ಗೇಮ್ ಎಂಬ ಸಂಸ್ಥೆ ಅದನ್ನು ಕೊಡುತ್ತದೆ. ಹೊರದೇಶದವರಿಗೆ ಬೇರೆಯದು, ಕೆಲವು ಸೂಕ್ಷ್ಮ ಹೊಳೆಗಳಿಗೆ ಇನ್ನೊಂದು. ಟ್ರೌಟನ್ನು ಮಾರುವುದು ಆ ದೇಶದಲ್ಲಿ ಅಪರಾಧ, ಆದ್ದರಿಂದ ಯಾವ ಹೋಟೆಲಿನ ಪಟ್ಟಿಯಲ್ಲೂ ಅದು ಇರುವುದಿಲ್ಲ.

ನನ್ನ ಹೊತ್ತನ್ನೆಲ್ಲ ತಿಂದದ್ದು ಬೂಟು. 2004ರಲ್ಲಿ ಮಟೌರಾ ಇರುವ ಸೌತ್‌ಲ್ಯಾಂಡ್ ಪ್ರಾಂತ್ಯದಲ್ಲೇ, ವೈಆವು ನದಿಯ ಕೆಳಭಾಗದಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಒಂದೇ ಕೋಶದ ಜೀವಿ. ನೋಡಿದರೆ ಲೋಳೆ, ಮುಟ್ಟಿದರೆ ಒದ್ದೆ ಉಣ್ಣೆ. ನದಿಯ ಕಲ್ಲುಗಳನ್ನೆಲ್ಲ ಕಂಬಳಿ ಹೊದಿಸಿದ ಹಾಗೆ ಮುಚ್ಚಿ, ಆ ಮೇಫ್ಲೈ ಮರಿಗಳ ನೆಲೆಯನ್ನೇ ಕೆಡಿಸುತ್ತದೆ. ದಕ್ಷಿಣ ದ್ವೀಪದ ಎಷ್ಟೋ ನದಿಗಳಿಗೆ ಹಬ್ಬಿದ್ದು ಉತ್ತರ ದ್ವೀಪದಲ್ಲಿ ಇನ್ನೂ ಕಂಡಿಲ್ಲ. ಒಂದು ಹನಿ ನೀರು ಸಾಕು, ಅದು ಬೇರೆ ಹೊಳೆಗೆ ದಾಟಲು. ಬೂಟಿನ ಅಡಿಯ ಫೆಲ್ಟ್ ಬಟ್ಟೆ ನೀರು ಹಿಡಿದಿಟ್ಟುಕೊಳ್ಳುತ್ತದೆಂದು 2008ರಲ್ಲಿ ಅದನ್ನು ನಿಷೇಧಿಸಿದರು. ಜಾರುವ ಕಲ್ಲಿನ ಮೇಲೆ ಅದರಷ್ಟು ಗಟ್ಟಿ ಹಿಡಿತ ಇನ್ನಾವುದಕ್ಕೂ ಇಲ್ಲ. ಆದರೂ ಮರುಮಾತಿಲ್ಲದೆ ರಬ್ಬರ್ ಅಟ್ಟೆಯ ಜೋಡಿ ಕೊಂಡೆ.

ಅವನ್ನು ಹಾಕಿಕೊಂಡು ಕಾವೇರಿಯಲ್ಲಿ ಓಡಾಡಿ ಪಳಗಿಸಿಯೂ ಆಗಿದೆ. ಆಮೇಲೆ ಶುರುವಾಯಿತು ತೊಳೆಯುವ ಕೆಲಸ. ಲೇಸನ್ನು ಪೂರ್ತಿ ಬಿಚ್ಚಿದೆ. ನಾಲಗೆಯ ಮಡಿಕೆಯೊಳಗೆ ಉತ್ತರಾಣಿಯ ಕಾಳುಗಳು ಮುಳ್ಳೂರಿ ಕೂತಿದ್ದವು. ಚಿಮುಟದಲ್ಲಿ ಒಂದೊಂದನ್ನೇ ಕಿತ್ತೆ. ಅಟ್ಟೆಯ ಗೆರೆಗಳಲ್ಲಿ ಒಣಗಿ ಕೂತ ಕಪ್ಪು ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಅರ್ಧ ಲೀಟರ್ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ನೀರು ಬೆರೆಸಿ ಒಟ್ಟು ಹತ್ತು ಲೀಟರ್ ಮಾಡಿ, ಅದರಲ್ಲಿ ಬೂಟು ನೆನೆಯಬೇಕು. ಕೈಗೆ ಒಣಗಿದೆ ಅನ್ನಿಸಿದ ಮೇಲೂ ಇನ್ನೂ 48 ಗಂಟೆ ಒಣಗಲು ಬಿಡಬೇಕು. ಅಲ್ಲಿಯೂ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಇದೇ ಕ್ರಮ. ನನಗೆ ಈ ಕೆಲಸ ಹಿತವಾಗಿದೆ. ಕಾಲು ತೊಳೆದು ಮನೆಯೊಳಗೆ ಬಾ ಎನ್ನುವ ಹೊಳೆಯ ಮೇಲೆ ನನಗೆ ಗೌರವವಿದೆ.

ಆದರೆ ಆ ಟ್ರೌಟ್ ಕೂಡ ಅಲ್ಲಿಗೆ ಹೊರಗಿನದೇ. 1864ರಲ್ಲಿ ಇಂಗ್ಲೆಂಡಿನಿಂದ ನಾರ್ಫೋಕ್ ಎಂಬ ಹಡಗಿನಲ್ಲಿ, ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟು ಮೀನಿನ ಮೊಟ್ಟೆಗಳನ್ನು ಟಾಸ್ಮೇನಿಯಾಕ್ಕೆ ಸಾಗಿಸಿದರು. 1867ರಲ್ಲಿ ಅವುಗಳ ಸಂತತಿ ನ್ಯೂಜಿಲೆಂಡಿಗೆ ದಾಟಿತು. ಅಲ್ಲಿನ ಗ್ಯಾಲಕ್ಸಿಯಸ್ ಜಾತಿಯ ಪುಟ್ಟ ಮೀನುಗಳು ಎಷ್ಟೋ ಹೊಳೆಗಳಲ್ಲಿ ಇದರ ಬಾಯಿಗೆ ಬಿದ್ದು ಮೂಲೆಗೆ ಸರಿದವು. ನಾನು ಹಿಡಿಯಹೊರಟ ಮೀನಿನ ಹಿಂದೆ ಈ ನಷ್ಟವೂ ಇದೆ. ಅದು ಗೊತ್ತಿದ್ದೇ ಹೋಗುತ್ತಿದ್ದೇನೆ.

ನಮ್ಮ ನದಿಯ ಕತೆ ಇದಕ್ಕಿಂತ ನೋವಿನದು. ಕಾವೇರಿಯ ಡುಬ್ಬದ ಮಹಶೀರ್ ಲೋಕಪ್ರಸಿದ್ಧ ಮೀನು. ಮಹಶೀರ್ ಸಂತತಿ ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಹೊರಗೆ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಈ ನದಿಗೆ ಬಿಟ್ಟರು. ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ, ನೀಲಿ ರೆಕ್ಕೆಯದು ಏರುತ್ತಾ ಹೋದಂತೆ ಡುಬ್ಬದ್ದು ಇಳಿಯುತ್ತಾ ಬಂದದ್ದು ಕಂಡಿತು. ಅದು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಗಟ್ಟಿಯಾಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು. ಕಾವೇರಿಗೆ ಇಳಿಯುವವರನ್ನೂ, ಮರಿ ಬಿಡುವವರನ್ನೂ ದಡದಲ್ಲೇ ತಡೆದು, ಕಾಲಿನಲ್ಲೇನಿದೆ, ಬುಟ್ಟಿಯಲ್ಲೇನಿದೆ ಎಂದು ಕೇಳುವ ನಿಯಮ ನಮ್ಮಲ್ಲೂ ಬರಬೇಕೆಂದು ಬೂಟು ಉಜ್ಜುವಾಗೆಲ್ಲ ಆಸೆಪಡುತ್ತೇನೆ.

ಇನ್ನು ಉಳಿದದ್ದು ಸಣ್ಣಪುಟ್ಟ ಕೆಲಸ. ಅಲ್ಲಿನ ಸ್ಯಾಂಡ್‌ಫ್ಲೈ ಕಚ್ಚಿದರೆ ವಾರಗಟ್ಟಲೆ ತುರಿಸುತ್ತದಂತೆ, ಅದಕ್ಕೆ ಮುಲಾಮು ಬೇಕು. ನೀರೊಳಗಿನ ಮೀನು ಕಾಣಲು ಪೋಲರಾಯ್ಡ್ ಕನ್ನಡಕಕ್ಕೆ ಹೊಸ ದಾರ ಕಟ್ಟಬೇಕು. ದೇಶದೊಳಕ್ಕೆ ಹೋಗುವ ಮುನ್ನ ತುಂಬುವ ಫಾರಂನಲ್ಲಿ ಬಳಸಿದ ಮೀನುಗಾರಿಕೆಯ ಸಾಮಾನು ಇದೆಯೇ ಎಂಬ ಪ್ರಶ್ನೆಗೆ ಇದೆ ಎಂದೇ ಬರೆಯಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ. ಅಧಿಕಾರಿ ಕೇಳಿದ ಕೂಡಲೇ ತೆಗೆದು ತೋರಿಸಲು ಅನುಕೂಲವಾಗಲೆಂದು ಬೂಟುಗಳನ್ನು ಸೂಟ್‌ಕೇಸಿನ ಮೇಲ್ಗಡೆಯೇ ಇಡುತ್ತೇನೆ, ಬಟ್ಟೆಬರೆಯೆಲ್ಲ ಅವುಗಳ ಕೆಳಗೆ.