ಅಂಗಡಿಯ ಬಣ್ಣ

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ಆವರಿಸಲು, ಅಲ್ಲಿಯವರಿಗಾಗಿ ನಿರ್ಮಿತವಾದ ಊರೇ ನವನಗರ. ಇಲ್ಲಿ ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಇಳಕಲ್ ಸೀರೆಗಳ ಚಿಕ್ಕ ಅಂಗಡಿಯೊಂದನ್ನು ತೆರೆದೆವು. ಕೂಡಿಟ್ಟ ಹಣವೆಲ್ಲವನ್ನೂ ಅದಕ್ಕೇ ತೊಡಗಿಸಿದ್ದೆವು. ಹೊಸ ಊರಿನಲ್ಲಿ ನಮ್ಮನ್ನು ಬಲ್ಲವರು ವಿರಳ. ಹೆಸರಿನ ಹಲಗೆಯೇ ನಮ್ಮ ಪರವಾಗಿ ಮಾತಾಡಬೇಕಾಗಿತ್ತು.

ಮೊದಲು ಕಣ್ಣಿಗೆ ಚೆಲುವೆನಿಸಿದ ಏಳು ಬಣ್ಣಗಳಲ್ಲಿ ಹಲಗೆಯನ್ನು ಬರೆಯಿಸಿದೆವು. ಕಂಡವರು ಮಿಠಾಯಿಯ ಅಂಗಡಿಯೆಂದು ಬಗೆದರು! ಆ ಹಣವು ವ್ಯರ್ಥವಾಯಿತು. ಆಗ ನೇಕಾರರ ಮನೆಯ ಅಜ್ಜಿಯೊಬ್ಬರು ಸೆರಗನ್ನು ಬಿಡಿಸಿ ತೋರಿಸಿ, “ಯವ್ವಾ, ಒಡಲು ಯಾವ ಬಣ್ಣದ್ದಿದ್ದರೂ ನಡೀತೈತಿ. ಸೆರಗಿನ ಈ ಕೆಂಪು-ಬಿಳಿ ತೆನಿ ನೋಡಿದ್ರ ಸಾಕು, ಇಳಕಲ್ ಸೀರಿ ಅಂತಾರ” ಎಂದರು.

ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಹಾಕಿ ಕೂಡಿಸುವ ಆ ನೇಯ್ಗೆಯ ಎರಡು ಬಣ್ಣಗಳನ್ನೇ ಹಲಗೆ, ಚೀಲ, ರಸೀದಿಗಳಿಗೆಲ್ಲ ಇಟ್ಟುಕೊಂಡೆವು. ಬಿಳಿಯ ಚೀಲಕ್ಕೆ ಕೆಂಪು ಶಾಯಿಯೊಂದೇ ಸಾಕಾಗಿ ಅಚ್ಚಿನ ವೆಚ್ಚವೂ ತಗ್ಗಿತು.

ಒಮ್ಮೆ ವ್ಯಾಪಾರಿಯೊಬ್ಬನು ಯಂತ್ರಮಗ್ಗದ ಅಗ್ಗದ ಸೀರೆಗಳನ್ನು ತಂದು, ಕೈಮಗ್ಗದವೆಂದು ಮಾರಿರೆಂದನು. ಬಾಡಿಗೆಯು ಬಾಕಿಯಿದ್ದುದರಿಂದ ನಮ್ಮ ಮನಸ್ಸೂ ಓಲಾಡಿತು. ಆದರೆ ನೇಕಾರರ ಗುರುತನ್ನು ಬಾಗಿಲಲ್ಲಿ ತೂಗುಹಾಕಿ, ಒಳಗೆ ಅವರ ಅನ್ನವನ್ನು ಕಸಿಯುವುದೆಂತು? ಗಂಟನ್ನು ಹಿಂದಿರುಗಿಸಿದೆವು.

ಪ್ರಿಯ ಸೋದರಿಯರೇ, ಉದ್ಯೋಗಕ್ಕೆ ಬಣ್ಣವನ್ನಾರಿಸುವಾಗ ಅಂದವನ್ನಷ್ಟೇ ನೋಡದಿರಿ. ಬಣ್ಣವೂ ಕೊಟ್ಟ ಮಾತೇ. ನಡೆಸಬಲ್ಲ ಮಾತನ್ನೇ ಕೊಡಿರಿ.